ತವರಿನಲ್ಲಿ ಹಾಕಿಸಿದ ಮೂರು ಸೂಜಿ

ನೆರೆಮನೆಯ ರೆಶ್ಮಾ ಕ್ರಾಸ್ತಾ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೆಲಸ ಮಾಡುತ್ತಾಳೆ. ಬೆಳ್ಳೂರಿನ ನಮ್ಮ ಬದಿಯಲ್ಲಿ ಸಿಗ್ನಲ್ ಎಲ್ಲಿ ಬರುತ್ತದೆ, ಎಲ್ಲಿ ಹೋಗುತ್ತದೆ ಎಂದು ಹೇಳಲಾಗದು. ಅವರ ಹಿತ್ತಿಲಿನಲ್ಲಿ ಮಾತ್ರ ಅದು ಬಾವಿಯ ಪಕ್ಕದ ಆ ಕಲ್ಲಿನ ಬಳಿ ಗಟ್ಟಿಯಾಗಿ ನಿಲ್ಲುತ್ತದೆ. ಬೆಳಿಗ್ಗೆ ಎಂಟರೊಳಗೆ ಅವಳ ತಾಯಿ ಮಗ್ದಲಿನ್ ಬಾಯಿ ಬಟ್ಟೆ ಒಗೆದು ಮುಗಿಸಿ, ಕಲ್ಲನ್ನು ಹಳೆಯ ಬೈರಾಸಿನಿಂದ ಒರೆಸಿ ಬಿಟ್ಟುಕೊಡುತ್ತಾರೆ. ಮೇಲೊಂದು ಶೀಟಿನ ಮಾಡು. ಸಂಜೆಯ ತನಕ ಅದು ಆಫೀಸು.

ಈ ಹುಡುಗಿ ಕಳೆದ ವರ್ಷ ದೊಡ್ಡ ತಪ್ಪು ಮಾಡಿ ಕೆಲಸ ಕಳೆದುಕೊಂಡಳು ಎಂಬ ಮಾತು ನಮ್ಮ ಬಸ್ಸಿನಲ್ಲಿ, ಕುಡುಂಬಶ್ರೀ ಮಹಿಳಾ ಸಂಘದ ಸಭೆಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಈಗಲೂ ಓಡಾಡುತ್ತಿದೆ. ಹೇಳುವವರು ಅರ್ಧ ಹೇಳಿ ನಿಲ್ಲಿಸುತ್ತಾರೆ. ಉಳಿದ ಅರ್ಧದಲ್ಲಿ ನಾನಿದ್ದೆ, ನನ್ನ ಮಗಳಿದ್ದಳು, ನನ್ನ ಡೈರಿಯೂ ಇತ್ತು. ಹಾಗಾಗಿ ನಾನು ಬರೆಯುತ್ತೇನೆ. ಯಾರಿಗಾದರೂ ಬೇಸರವಾದರೆ ಆಗಲಿ.

ಮೊದಲು ಅವಳ ಕೆಲಸ ಎಂತದ್ದು ಎಂದು ಹೇಳಬೇಕು. ನನಗೂ ಅದು ತಿಳಿದದ್ದು ಬೇಲಿಯ ಈಚೆ ನಿಂತು. ನನ್ನ ಅತ್ತೆ ಜಲಜಾಕ್ಷಿಗೆ ಆ ಕಲ್ಲಿನ ಎದುರು ಇಡೀ ದಿನ ಕೂತ ಹುಡುಗಿಯನ್ನು ಕಂಡರೆ ಸಮಾಧಾನವಿರಲಿಲ್ಲ. ಒಂದು ದಿನ ಕೇಳಿಯೇಬಿಟ್ಟರು.

“ನೀನು ಎಂತ ಮಾಡುದು ರೆಶ್ಮಾ, ಬೆಳಿಗ್ಗೆಯಿಂದ ಸಂಜೆಯವರೆಗೆ?”

“ನಾನು ಡೇಟಾ ಸೈಂಟಿಸ್ಟ್, ಅಮ್ಮಾ.”

“ಸೈಂಟಿಸ್ಟಾ? ರಾಕೆಟ್ ಬಿಡುದಾ?”

“ರಾಕೆಟ್ ಅಲ್ಲ. ಅಕ್ಕಿ ಆರಿಸುದು.”

ಅತ್ತೆ ನನ್ನ ಮುಖ ನೋಡಿದರು. ರೆಶ್ಮಾ ನಗುತ್ತಾ ಎದ್ದು ಬೇಲಿಯ ಹತ್ತಿರ ಬಂದಳು. “ನೀವು ಕುಚ್ಚಿಲಕ್ಕಿ ಒಲೆಗೆ ಹಾಕುವ ಮೊದಲು ಕಲ್ಲು ಆರಿಸ್ತೀರಲ್ಲ, ಹಾಗೆ. ನಂಗೆ ಐದು ಪಂಚಾಯತುಗಳ ಮಕ್ಕಳ ವಿವರ ರಾಶಿ ಬರ್ತದೆ. ಯಾವ ಮಗು ಯಾವತ್ತು ಹುಟ್ಟಿತು, ಯಾವ ಸೂಜಿ ಯಾವತ್ತು ಹಾಕಿಸಿದ್ರು. ಅದರಲ್ಲಿ ಒಂದೇ ಮಗು ಎರಡು ಸಲ ಇರ್ತದೆ. ಹುಟ್ಟುವ ಮೊದಲೇ ಸೂಜಿ ಹಾಕಿಸಿಕೊಂಡ ಮಗುವೂ ಇರ್ತದೆ. ಅದನ್ನೆಲ್ಲ ಆರಿಸಿ ತೆಗೀಲಿಕ್ಕೆ ಹತ್ತು ದಿನದಲ್ಲಿ ಎಂಟು ದಿನ ಹೋಗ್ತದೆ.”

“ಮತ್ತಿನ ಎರಡು ದಿನ?”

“ಉಳಿದದ್ದನ್ನು ನೋಡಿ ಮುಂದೆ ಎಂತ ಆದೀತು ಅಂತ ಹೇಳುದು. ಯಾವ ಮನೆಯ ಮಗುವಿಗೆ ಮುಂದಿನ ಸೂಜಿ ತಪ್ಪುವ ಸಂಭವ ಉಂಟು ಅಂತ ಮೊದಲೇ ಗೊತ್ತಾದ್ರೆ ಅಲ್ಲಿಗೆ ಯಾರಾದ್ರೂ ಹೋಗಿ ಹೇಳಬಹುದಲ್ಲ.”

“ಅದಕ್ಕೆ ಪುಷ್ಪಾವತಿ ಇದ್ದಾಳಲ್ಲ,” ಎಂದರು ಅತ್ತೆ. “ಅವಳಿಗೆ ಯಾರ ಮನೆಯಲ್ಲಿ ಯಾರು ಬಸುರಿ ಅಂತ ಗಂಡನಿಗಿಂತ ಮೊದಲು ಗೊತ್ತಿರ್ತದೆ. ಕಂಪ್ಯೂಟರ್ ಎಂತಕ್ಕೆ?”

ರೆಶ್ಮಾ ಇದಕ್ಕೂ ನಕ್ಕಳು. ಮುಂದೊಂದು ದಿನ ಈ ಮಾತು ನೆನಪಾದಾಗ ಅವಳು ನಗಲಿಲ್ಲ.

ಪುಷ್ಪಾವತಿ ನಮ್ಮ ವಾರ್ಡಿನ ಆಶಾ ಕಾರ್ಯಕರ್ತೆ. ನಾವು ಕರೆಯುವುದು ಪುಷ್ಪಕ್ಕ ಎಂದು. ಹನ್ನೊಂದು ವರ್ಷಗಳಿಂದ ಒಂದೇ ಕಪ್ಪು ಕೊಡೆ, ಒಂದು ಕೈಚೀಲ, ಗೆರೆ ಹಾಕಿದ ಒಂದು ಉದ್ದ ಪುಸ್ತಕ. ಮಂಗಳೂರಿನ ಒಂದು ಸಂಸ್ಥೆ ನಮ್ಮ ಕಡೆಯ ಪಂಚಾಯತುಗಳಲ್ಲಿ ಮಕ್ಕಳ ಲಸಿಕೆ ಸೂಜಿಯ ಯೋಜನೆ ಶುರು ಮಾಡಿದಾಗ ಮನೆಭೇಟಿಯ ಕೆಲಸವನ್ನು ಪುಷ್ಪಕ್ಕನಂಥವರಿಗೆ ಕೊಟ್ಟಿತು. ಲೆಕ್ಕದ ಕೆಲಸಕ್ಕೆ ರೆಶ್ಮಾಳನ್ನು ಸೇರಿಸಿಕೊಂಡಿತು. ಮನೆಯಿಂದಲೇ ಕೆಲಸ, ವಾರಕ್ಕೆ ಎರಡು ದಿನ ಮಾತ್ರ ಮಂಗಳೂರು.

ರೆಶ್ಮಾಳ ಲೆಕ್ಕದ ಹುಚ್ಚು ಹಳೆಯದು. ಅವಳ ಅಪ್ಪನನ್ನು ನಾವು ಮರ್ಯಾದೆಗೆ ಹಿಲರಿ ಪೊರ್ಬುಗಳು ಎನ್ನುತ್ತೇವೆ. ಅವರದ್ದು ಮುಳ್ಳೇರಿಯದಲ್ಲಿ ಹೊಲಿಗೆ ಅಂಗಡಿ. ಶಾಲೆ ಶುರುವಾಗುವ ಜೂನ್ ತಿಂಗಳಲ್ಲಿ ಯೂನಿಫಾರ್ಮಿಗೆ ಜನ ಮುಗಿಬೀಳುತ್ತಾರೆ, ಒಂದು ಮಿಷನ್ನು, ಎರಡು ಕೈ. ೨೦೦೫ರಲ್ಲಿ, ಹನ್ನೆರಡು ವರ್ಷದ ರೆಶ್ಮಾ ಅಪ್ಪನ ಅಳತೆ ಪುಸ್ತಕಗಳನ್ನು ಎದುರು ಹರಡಿಕೊಂಡು, ಕಳೆದ ನಾಲ್ಕು ವರ್ಷಗಳಲ್ಲಿ ಯಾವ ಕ್ಲಾಸಿನ ಮಕ್ಕಳಿಗೆ ಎಷ್ಟು ಉದ್ದದ ಚಡ್ಡಿ, ಎಷ್ಟು ಸುತ್ತಳತೆಯ ಲಂಗ ಎಂದು ಪಟ್ಟಿ ಮಾಡಿದಳಂತೆ. “ಅಳತೆ ಕೊಡ್ಲಿಕ್ಕೆ ಬರುವ ಮೊದಲೇ ಇಷ್ಟಿಷ್ಟು ಕತ್ತರಿಸಿ ಇಡಿ ಪಪ್ಪಾ,” ಎಂದಳಂತೆ. ಹಿಲರಿ ಪೊರ್ಬು ಮಗಳ ಮಾತಿನ ಮೇಲೆ ಮೇ ತಿಂಗಳಲ್ಲೇ ಬಟ್ಟೆ ಕತ್ತರಿಸಿದರು. ಲಂಗದ ಲೆಕ್ಕ ಸರಿಯಾಯಿತು. ಚಡ್ಡಿ ಮಾತ್ರ ಹದಿನೇಳು ಉಳಿಯಿತು. ಆ ವರ್ಷ ಆ ಕ್ಲಾಸುಗಳಿಗೆ ಬಂದವರಲ್ಲಿ ತಮ್ಮಂದಿರೇ ಹೆಚ್ಚಿದ್ದರು. ಮನೆಯ ಮೊದಲ ಹುಡುಗ ಹೊಲಿಸಿದ ಚಡ್ಡಿಯನ್ನು ತಮ್ಮಂದಿರು ಹಾಕಿಕೊಂಡು ಶಾಲೆಗೆ ಹೋಗುತ್ತಾರೆ. ಆ ತಮ್ಮಂದಿರು ಟೈಲರನ ಬಳಿಗೆ ಬರುವುದೇ ಇಲ್ಲ.

“ಪುಸ್ತಕದಲ್ಲಿ ಇಲ್ಲದ ಮಕ್ಕಳೂ ಊರಲ್ಲಿ ಇದ್ದಾರೆ ಮಗಳೇ,” ಎಂದರಂತೆ ಹಿಲರಿ ಪೊರ್ಬು. ಬೈಯಲಿಲ್ಲ. ಹದಿನೇಳು ಚಡ್ಡಿಗಳೂ ಮುಂದಿನ ವರ್ಷ ಖರ್ಚಾದವು.

ಅವಳು ಬೆಳ್ಳೂರಿನ ಕನ್ನಡ ಶಾಲೆ, ಮುಳ್ಳೇರಿಯದಲ್ಲಿ ಪ್ಲಸ್ ಟು, ಮಂಗಳೂರಿನಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಈ ಕೆಲಸಕ್ಕೆ ಸೇರಿದಾಗ ಇಪ್ಪತ್ನಾಲ್ಕು ವರ್ಷ. ನೋಡಲು ಬಂದ ಗಂಡಿನ ತಾಯಿ, “ಕೆಲಸ ಅಂದರೆ ಮನೆಯಿಂದ ಹೊರಗೆ ಹೋಗುದು ಅಲ್ವಾ? ಇವಳು ಬಾವಿಕಟ್ಟೆಯಲ್ಲಿ ಕೂತದ್ದು ಕಂಡೆ,” ಎಂದರಂತೆ. ಮಗ್ದಲಿನ್ ಬಾಯಿ, “ಹೊರಗೆ ಹೋಗುವವಳು ಬೇಕಾದರೆ ನಮ್ಮ ಮೀನಿನ ಹೆಂಗಸನ್ನು ಕೇಳಿ, ಅವಳು ನಾಲ್ಕು ಊರು ಸುತ್ತುತ್ತಾಳೆ,” ಎಂದು ಚಹಾದ ಗ್ಲಾಸು ಎತ್ತಿಕೊಂಡು ಒಳಗೆ ಹೋದರು. ಆ ಸಂಬಂಧ ಅಲ್ಲಿಗೇ ಮುಗಿಯಿತು.

ಈಗ ಆ ದಿನಕ್ಕೆ ಬರುತ್ತೇನೆ. ೨೦೧೮ರ ನವೆಂಬರ್ ಹತ್ತೊಂಬತ್ತು, ಸೋಮವಾರ. ಮಗಳಿಗೆ ಹತ್ತು ತಿಂಗಳು ತುಂಬಲು ಮೂರು ದಿನ ಬಾಕಿ. ಮಧ್ಯಾಹ್ನ ಅವಳಿಗೆ ರಾಗಿ ಮಣ್ಣಿ ತಿನ್ನಿಸುತ್ತಿದ್ದೆ. ಪುಷ್ಪಕ್ಕ ಬಂದು ಜಗಲಿಯಲ್ಲಿ ಕೂತರು. ಕೊಡೆ ಮಡಚಲಿಲ್ಲ, ಮಗುವನ್ನು ಮಾತಾಡಿಸಲೂ ಇಲ್ಲ.

“ಎಂತಾಯ್ತು ಪುಷ್ಪಕ್ಕ?”

“ಆಗ್ಲಿಕ್ಕೆ ಎಂತ ಉಂಟು. ಐದು ಪಂಚಾಯತಿನಲ್ಲಿ ನಾನೇ ಕೊನೆಯವಳಂತೆ.”

ಚೀಲದಿಂದ ಒಂದು ಕಾಗದ ತೆಗೆದು ನನ್ನ ಕೈಗೆ ಕೊಟ್ಟರು. ಸಂಸ್ಥೆಯಿಂದ ಬಂದದ್ದು. ಅವರ ವಾರ್ಡಿನಲ್ಲಿ ಮೊದಲ ಮೂರು ಸೂಜಿಗಳನ್ನು ಹಾಕಿಸದ ಮಕ್ಕಳು ಹದಿನಾಲ್ಕು. ಬೇರೆ ಯಾವ ವಾರ್ಡಿನಲ್ಲೂ ಐದಕ್ಕಿಂತ ಹೆಚ್ಚಿಲ್ಲ. ಶನಿವಾರ ಮುಳ್ಳೇರಿಯದಲ್ಲಿ ಎಲ್ಲರ ಸಭೆ. ಅಲ್ಲಿ ಮೊದಲು ಬಂದವರಿಗೆ ಸನ್ಮಾನ. ಕೊನೆಗೆ ಬಂದವರ ಹೆಸರು ಓದಿ ಮನೆಭೇಟಿಯ ಕೆಲಸ ಬೇರೆಯವರಿಗೆ.

“ನಾನು ಫೋನ್ ಮಾಡಿ ಹೇಳಿದೆ, ಸರ್, ಈ ಮಕ್ಕಳಲ್ಲಿ ಹೆಚ್ಚಿನವರ ಕಾರ್ಡ್ ನಾನೇ ಕಣ್ಣಾರೆ ಕಂಡಿದ್ದೇನೆ ಅಂತ. ಸಿಸ್ಟಮ್‌ನಲ್ಲಿ ಇಲ್ಲ ಅಂದ್ರು. ಕೆಲಸ ಹೋದ್ರೆ ಹೋಗ್ಲಿ ಭವ್ಯಾ. ಹನ್ನೊಂದು ವರ್ಷ ಈ ಗುಡ್ಡ ಹತ್ತಿ ಇಳಿದದ್ದು ಎಪ್ಪತ್ತು ಜನರ ಎದುರು ಕೊನೆಯವಳು ಅಂತ ಓದಿಸಿಕೊಳ್ಳಲಿಕ್ಕಾ?”

ನಾನು ಪಟ್ಟಿಯ ಮೇಲೆ ಕಣ್ಣಾಡಿಸಿದೆ. ಒಂಬತ್ತನೆಯ ಸಾಲಿನಲ್ಲಿ ‘ಬೇಬಿ ಆಫ್ ಭವ್ಯಶ್ರೀ, ಹೆಣ್ಣು’ ಎಂದಿತ್ತು. ಎದುರಿಗೆ ಮೂರು ಕೆಂಪು ಗುಣಿಸು ಗುರುತು.

ಅತ್ತೆ ಬಾಗಿಲ ಬಳಿ ನಿಂತು ಎಲ್ಲ ಕೇಳುತ್ತಿದ್ದರು. “ಮಗುವಿಗೆ ಸೂಜಿ ಹಾಕಿಸಲಿಲ್ವಾ ನೀನು? ತವರಿನಲ್ಲಿ ತಮ್ಮನ ಮದುವೆ ಗೌಜಿ ಇತ್ತಲ್ಲ, ಮರೆತು ಹೋಗಿರಬೇಕು.”

ಈ ಮಾತು ನನಗೆ ಎಲ್ಲಿ ತಾಗಿತು ಎಂದು ತಾಯಂದಿರಿಗೆ ಹೇಳಬೇಕಾಗಿಲ್ಲ. ಮಗಳು ಹುಟ್ಟಿದ ದಿನದಿಂದ ನಾನು ಡೈರಿ ಬರೆಯುತ್ತೇನೆ. ದೊಡ್ಡ ವಿಷಯವೇನಲ್ಲ. ಎಷ್ಟು ಗಂಟೆಗೆ ಹಾಲು, ಎಷ್ಟು ಸಲ ವಾಂತಿ, ಯಾವ ದಿನ ಮಗುಚಿ ಬಿದ್ದಳು, ಯಾವ ಎಣ್ಣೆಗೆ ಮೈಯಲ್ಲಿ ಕೆಂಪೆದ್ದಿತು. ಮಣ್ಣಿಯ ಬಟ್ಟಲು ಕೆಳಗಿಟ್ಟು, ಡೈರಿಯನ್ನೂ ಮಗಳ ಕಾರ್ಡನ್ನೂ ತೆಗೆದುಕೊಂಡು, ಮಗಳನ್ನು ಸೊಂಟಕ್ಕೇರಿಸಿ ಬೇಲಿ ದಾಟಿದೆ. ಮಗಳ ಬಾಯಿ ಸಹ ಒರೆಸಿರಲಿಲ್ಲ.

“ಈ ಪಟ್ಟಿ ನೀನು ಮಾಡಿದ್ದಾ?”

ರೆಶ್ಮಾ ಕಾಗದ ನೋಡಿದಳು. “ಹೌದು ಭವ್ಯಕ್ಕ. ನಾನೇ.”

“ಹಾಗಾದ್ರೆ ಇದನ್ನೂ ಓದು.”

ಡೈರಿಯಲ್ಲಿ ನನ್ನ ತವರು ಉಪ್ಪಳದ ಪುಟಗಳನ್ನು ತೆರೆದು ಅವಳ ಲ್ಯಾಪ್‌ಟಾಪಿನ ಮೇಲೆಯೇ ಇಟ್ಟೆ. ಮಾರ್ಚ್ ಏಳು, ಬುಧವಾರ, ಉಪ್ಪಳ. ಮೊದಲ ಸೂಜಿ. ಸಿಸ್ಟರ್ ತೊಡೆಗೆ ಚುಚ್ಚುವಾಗ ಮಗಳಿಗಿಂತ ಮೊದಲು ನನಗೆ ಕಣ್ಣೀರು ಬಂತು, ಅಮ್ಮ ನಕ್ಕಳು. ಏಪ್ರಿಲ್ ನಾಲ್ಕು, ಎರಡನೆಯದು, ರಾತ್ರಿ ಜ್ವರ. ಮೇ ಎರಡು, ಮೂರನೆಯದು, ಜ್ವರ ಇಲ್ಲ, ಸಿಸ್ಟರಿಗೆ ಹಲಸಿನ ಹಪ್ಪಳ ಕೊಟ್ಟೆವು.

ರೆಶ್ಮಾ ಎರಡು ಸಲ ಓದಿದಳು. ಕಾರ್ಡನ್ನು ತಿರುಗಿಸಿ ನೋಡಿದಳು. ಆಮೇಲೆ ಡೈರಿಯನ್ನು ಮೆತ್ತಗೆ ಪಕ್ಕಕ್ಕಿಟ್ಟು, ಉಪ್ಪಳ ಕಡೆಯಿಂದ ಬಂದಿದ್ದ ಮೂಲ ಪಟ್ಟಿಯನ್ನು ತೆರೆದು ಹುಡುಕಿದಳು. ನನ್ನ ಮಗಳು ಅಲ್ಲಿದ್ದಳು. ಮೂರು ದಿನಾಂಕಗಳೂ ಡೈರಿಯಲ್ಲಿದ್ದಂತೆಯೇ ಇದ್ದವು.

“ಇಲ್ಲಿ ಉಂಟಲ್ಲ. ಮತ್ತೆ ನಿನ್ನ ಪಟ್ಟಿಯಲ್ಲಿ ಸೂಜಿ ಯಾಕಿಲ್ಲ?”

“ನಾನು ತೆಗೆದೆ.” ಅವಳು ಪರದೆಯ ಕೊನೆಯ ಕಾಲಮನ್ನು ಬೆರಳಿನಿಂದ ತೋರಿಸಿದಳು. “ನೋಡಿ, ಇಲ್ಲಿ ‘ಹೊರಗಿನವರು’ ಅಂತ ಬರೆದಿದ್ದಾರೆ. ನಿಮ್ಮ ವಿಳಾಸ ಬೆಳ್ಳೂರು, ಸೂಜಿ ಹಾಕಿಸಿದ್ದು ಉಪ್ಪಳ. ಆಯಾ ಊರಿನವರ ಲೆಕ್ಕ ಮಾತ್ರ ಬೇಕು ಅಂತ ನಂಗೆ ಹೇಳಿದ್ರು. ಹೊರಗಿನವರು ಅಂತ ಎಲ್ಲಿ ಉಂಟೋ ಆ ಸಾಲೆಲ್ಲ ತೆಗಿ ಅಂತ ಕಂಪ್ಯೂಟರಿಗೆ ಒಂದೇ ಒಂದು ಆಜ್ಞೆ ಬರೆದೆ. ಅರುನೂರ ಹನ್ನೆರಡು ಸಾಲು ಹೋಯ್ತು. ಕಲ್ಲು ಹೋಯ್ತು ಅಂತ ಖುಷಿಪಟ್ಟೆ ಭವ್ಯಕ್ಕ. ಅದು ಅಕ್ಕಿ.”

ಮಗ್ದಲಿನ್ ಬಾಯಿ ಬಾವಿಯಿಂದ ನೀರು ಸೇದುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ಕೊಡಪಾನ ಕೆಳಗಿಟ್ಟರು. “ಮೊದಲ ಬಾಣಂತನಕ್ಕೆ ಹೆಣ್ಣು ತವರಿಗೆ ಹೋಗ್ತಾಳೆ ಅಂತ ನಿಂಗೆ ಗೊತ್ತಿಲ್ವಾ? ನಿನ್ನನ್ನು ನಾನು ಹೆತ್ತದ್ದು ಎಲ್ಲಿ? ಕಯ್ಯಾರಿನಲ್ಲಿ, ನನ್ನ ಅಮ್ಮನ ಮನೆಯಲ್ಲಿ. ಐದು ತಿಂಗಳು ಅಲ್ಲೇ ಇದ್ದೆ. ನಿಂಗೆ ನೆನಪಿರಲಿಕ್ಕಿಲ್ಲ. ಆದರೆ ಮಡಿಲಲ್ಲಿ ಇದ್ದದ್ದು ನೀನೇ.”

ಗೊತ್ತಿತ್ತು. ಯಾರಿಗೆ ಗೊತ್ತಿಲ್ಲ? ತುಳುವರಿರಲಿ, ಕೊಂಕಣಿಯವರಿರಲಿ, ಬ್ಯಾರಿಗಳಿರಲಿ, ಏಳನೇ ತಿಂಗಳು ದಾಟಿದ ಮೇಲೆ ಚೊಚ್ಚಲ ಬಸುರಿಯನ್ನು ಗಂಡನ ಮನೆಯಲ್ಲಿ ಇಟ್ಟುಕೊಳ್ಳುವ ವಾಡಿಕೆ ನಮ್ಮಲ್ಲಿಲ್ಲ. ಮದುವೆಗೆ, ಗೃಹಪ್ರವೇಶಕ್ಕೆ ಆಮಂತ್ರಣ ಕೊಡುವಾಗಲೂ ‘ಸೊಸೆ ತವರಲ್ಲಿ’ ಎಂದರೆ ಎಲ್ಲರೂ ಬೆರಳು ಮಡಚಿ ತಿಂಗಳು ಎಣಿಸುತ್ತಾರೆ. ಆ ಊರಿನ ಹುಡುಗಿಯೇ ಕಲ್ಲಿನ ಎದುರು ಕೂತಾಗ ಅದು ಹೊಳೆಯಲಿಲ್ಲ. ಮಂಗಳೂರಿನಲ್ಲಿ ಕೂತ ಬೇರೆ ಯಾರಾದರೂ ಈ ತಪ್ಪು ಮಾಡಿದ್ದರೆ ನನಗೆ ಅಷ್ಟು ಕೋಪ ಬರುತ್ತಿರಲಿಲ್ಲ.

“ಹಾಗಾದ್ರೆ ಎಲ್ಲ ವಾರ್ಡಿನಲ್ಲೂ ಹೀಗೇ ಆಗಬೇಕಿತ್ತಲ್ಲ,” ಎಂದೆ. “ಪುಷ್ಪಕ್ಕನದ್ದು ಮಾತ್ರ ಯಾಕೆ ಹದಿನಾಲ್ಕು?”

ಇದಕ್ಕೆ ಉತ್ತರ ಸಿಗಲು ಅವಳಿಗೆ ಸಂಜೆಯಾಯಿತು. ಮಗಳು ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಪುಷ್ಪಕ್ಕನನ್ನೂ ಕರೆದು, ಅವರ ಉದ್ದ ಪುಸ್ತಕವನ್ನು ಪಕ್ಕಕ್ಕಿಟ್ಟುಕೊಂಡು ರೆಶ್ಮಾ ಒಂದೊಂದೇ ಹೆಸರು ಹೊಂದಿಸಿದಳು. ಪುಷ್ಪಕ್ಕ ಬಸುರಿಯರನ್ನು ಎರಡನೆಯ ಮೂರನೆಯ ತಿಂಗಳಲ್ಲೇ ಪತ್ತೆ ಮಾಡಿ ಹೆಸರು ಬರೆದುಕೊಳ್ಳುತ್ತಾರೆ. ಹೆರಿಗೆಗೆ ಅವರು ತವರಿಗೆ ಹೋದರೂ ಹೆಸರು ಇಲ್ಲಿ ಇರುತ್ತದೆ, ಸೂಜಿಯ ಜಾಗ ಖಾಲಿ ಬೀಳುತ್ತದೆ. ಅದು ತವರಿನ ಕಡೆಯ ಪಟ್ಟಿಯಿಂದ ತುಂಬಬೇಕಿತ್ತು. ಬೇರೆ ವಾರ್ಡುಗಳಲ್ಲಿ ಹೆಚ್ಚಾಗಿ ಹಾಗಲ್ಲ. ಬಾಣಂತಿ ಮಗುವನ್ನೆತ್ತಿಕೊಂಡು ಗಂಡನ ಮನೆಗೆ ಹಿಂತಿರುಗಿದ ಮೇಲೆ, ಅವಳ ಕೈಯ ಕಾರ್ಡ್ ನೋಡಿ, ಮೂರೂ ಸೂಜಿಗಳನ್ನು ಒಟ್ಟಿಗೆ ಬರೆದು ಹೆಸರು ಸೇರಿಸುತ್ತಾರೆ. ಅವರ ಪುಸ್ತಕದಲ್ಲಿ ಖಾಲಿ ಜಾಗ ಬೀಳುವುದೇ ಇಲ್ಲ.

“ಅಂದರೆ,” ಎಂದರು ಪುಷ್ಪಕ್ಕ ನಿಧಾನವಾಗಿ, “ನಾನು ಬೇಗ ಬರೆದದ್ದಕ್ಕೆ ಕೊನೆಯವಳಾದೆ.”

“ಹೌದು ಪುಷ್ಪಕ್ಕ.”

“ತಡವಾಗಿ ಬರೆದವಳಿಗೆ ಶಾಲು.”

“ಹೌದು.”

ಪುಷ್ಪಕ್ಕ ತಮ್ಮ ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿದರು. “ಚಂದ ಉಂಟು ಮಾರಾಯ್ತಿ ನಿನ್ನ ವಿಜ್ಞಾನ.”

ಮರುದಿನ ಮತ್ತು ಅದರ ಮರುದಿನ ರೆಶ್ಮಾ ಕಲ್ಲಿನ ಎದುರು ಕೂರಲಿಲ್ಲ. ಅವಳ ಸ್ಕೂಟರಿನ ಹಿಂದೆ ಪುಷ್ಪಕ್ಕ ಕೊಡೆ ಅಡ್ಡ ಹಿಡಿದುಕೊಂಡು ಕೂತದ್ದನ್ನು ಇಡೀ ಬೆಳ್ಳೂರು ನೋಡಿತು. ಹದಿನಾಲ್ಕು ಮನೆಗಳಿಗೂ ಹೋಗಿ ಕಾರ್ಡ್ ನೋಡಿದರು. ಹನ್ನೆರಡು ಮಕ್ಕಳಿಗೆ ಮೂರೂ ಸೂಜಿ ಆಗಿತ್ತು, ಎಲ್ಲ ತವರಿನಲ್ಲೇ. ಇಬ್ಬರಿಗೆ ನಿಜವಾಗಿಯೂ ಆಗಿರಲಿಲ್ಲ. ಒಂದು ಮನೆಯವರು ಕೆಲಸಕ್ಕೆಂದು ಊರೂರು ತಿರುಗುವವರು. ಇನ್ನೊಂದು ಮನೆಯಲ್ಲಿ ಅಜ್ಜ ಬೇಡ ಎಂದು ಹಟ ಹಿಡಿದಿದ್ದರು. ಪುಷ್ಪಕ್ಕ ಆ ಅಜ್ಜನ ಹತ್ತಿರ ಮುಕ್ಕಾಲು ಗಂಟೆ ಕೂತು, ಬುಧವಾರ ತಾವೇ ಮಗುವನ್ನು ಎತ್ತಿಕೊಂಡು ಹೋಗಿ ಸೂಜಿ ಹಾಕಿಸಿಕೊಂಡು ಬಂದರು. ಅದು ಅವರ ವಿಜ್ಞಾನ.

ಗುರುವಾರ ರೆಶ್ಮಾ ಸಂಸ್ಥೆಯ ಯೋಜನೆಯ ಮುಖ್ಯಸ್ಥ ಉದಯಶಂಕರ ಅವರಿಗೆ ಫೋನ್ ಮಾಡಿದಳು. ಫೋನನ್ನು ಕೈಗೆ ತೆಗೆದುಕೊಂಡರೆ ಸಿಗ್ನಲ್ ಹೋಗುತ್ತದೆ. ಹಾಗಾಗಿ ಅದನ್ನು ಕಲ್ಲಿನ ಮೇಲಿಟ್ಟು ಸ್ಪೀಕರ್ ಹಾಕಿಯೇ ಮಾತಾಡಬೇಕು. ಬೇಲಿಯ ಈಚೆ ಬಟ್ಟೆ ಹರವುತ್ತಿದ್ದ ನನಗೆ ಎಲ್ಲವೂ ಕೇಳಿಸಿತು.

“ತಪ್ಪು ಆಗಿರಬಹುದು ರೆಶ್ಮಾ, ಇಲ್ಲ ಅಂತ ನಾನು ಹೇಳುವುದಿಲ್ಲ,” ಎಂದರು ಅವರು. ಧ್ವನಿ ಮೃದುವಾಗಿಯೇ ಇತ್ತು. “ಆದರೆ ವರದಿ ಹಣ ಕೊಡುವವರಿಗೆ ಹೋಗಿ ಆಯಿತು. ಮುಂದಿನ ವರದಿಯಲ್ಲಿ ಸರಿ ಮಾಡೋಣ.”

“ಮುಂದಿನ ವರದಿ ಮಾರ್ಚಿಗೆ ಸರ್. ಸಭೆ ನಾಳಿದ್ದು.”

“ಒಬ್ಬ ಹೆಂಗಸಿನ ಹೆಸರು ಓದಿದರೆ ಆಕಾಶ ಬೀಳುತ್ತದಾ?”

“ಅವರ ಮೇಲೆ ಬೀಳ್ತದೆ ಸರ್.”

“ನೋಡು, ನಮ್ಮ ಲೆಕ್ಕ ತಪ್ಪು ಅಂತ ನಾವೇ ಹೇಳಿದರೆ ನಾಳೆ ನಮ್ಮ ಯಾವ ಲೆಕ್ಕವನ್ನು ಯಾರು ನಂಬುತ್ತಾರೆ? ನೀನು ಶನಿವಾರ ಲ್ಯಾಪ್‌ಟಾಪ್ ನೋಡಿಕೊಂಡರೆ ಸಾಕು. ಮಾತಾಡುವುದು ನಾನು.”

“ತಪ್ಪು ಅಂತ ಗೊತ್ತಿದ್ದೂ ಓದಿದರೆ ಅದು ಲೆಕ್ಕ ಅಲ್ಲ ಸರ್,” ಎಂದಳು ರೆಶ್ಮಾ. ಫೋನ್ ಅಷ್ಟರಲ್ಲಿ ಕಟ್ಟಾಗಿತ್ತು. ಸಿಗ್ನಲ್ ಹೋಯಿತೋ, ಅವರೇ ಇಟ್ಟರೋ.

ಶನಿವಾರ ನಾನೂ ಮುಳ್ಳೇರಿಯಕ್ಕೆ ಹೋದೆ. ಪುಷ್ಪಕ್ಕ ಬರುವುದಿಲ್ಲ ಎಂದು ಕೂತಿದ್ದರು. ಅವರನ್ನು ಹೊರಡಿಸಿದ್ದು ಅತ್ತೆ. ತವರಿನ ಮಾತು ಆಡಿದ್ದಕ್ಕೆ ಅತ್ತೆ ನನ್ನಲ್ಲಿ ಏನೂ ಹೇಳಿರಲಿಲ್ಲ. ಆದರೆ ಬೆಳಿಗ್ಗೆ ತಮ್ಮ ಪೆಟ್ಟಿಗೆಯಿಂದ ಹೊಸ ಸೀರೆ ತೆಗೆದು ಪುಷ್ಪಕ್ಕನ ಮನೆಗೆ ಹೋದರು. “ಕೊನೆಯವಳು ಅಂತ ಓದುದಾದ್ರೆ ಓದಲಿ, ಎದುರು ಕೂತು ಕೇಳು. ಹೆದರಿ ಮನೆಯಲ್ಲಿ ಕೂತವಳನ್ನು ಓದುದು ಸುಲಭ,” ಎಂದರಂತೆ. ನನಗೆ ಹೇಳಿದ್ದು ಇಷ್ಟೇ: “ನಿನ್ನ ಆ ಪುಸ್ತಕವೂ ಬ್ಯಾಗಿನಲ್ಲಿ ಇರಲಿ.”

ಸಭಾಭವನದಲ್ಲಿ ಸುಮಾರು ಎಪ್ಪತ್ತು ಹೆಂಗಸರು. ಗೋಡೆಯ ಮೇಲೆ ಬಿಳಿ ಪರದೆ, ಎದುರಿನ ಮೇಜಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ರೆಶ್ಮಾ. ಉದಯಶಂಕರ ಚೆನ್ನಾಗಿಯೇ ಮಾತಾಡಿದರು. ಮಕ್ಕಳ ಆರೋಗ್ಯ, ತಾಯಂದಿರ ಜವಾಬ್ದಾರಿ, ಕಂಪ್ಯೂಟರಿನ ಸಹಾಯ. ಒಂದೊಂದು ಚಿತ್ರಕ್ಕೂ “ಮುಂದಿನದು” ಎನ್ನುತ್ತಿದ್ದರು, ರೆಶ್ಮಾ ಒತ್ತುತ್ತಿದ್ದಳು.

“ಈಗ ವಾರ್ಡುಗಳ ಸ್ಥಾನ. ಮುಂದಿನದು.”

ಪರದೆ ಬಿಳಿಯಾಯಿತು.

“ಮುಂದಿನದು ರೆಶ್ಮಾ.”

ಬಿಳಿಯಾಗಿಯೇ ಉಳಿಯಿತು. ರೆಶ್ಮಾ ಎದ್ದು ನಿಂತಳು.

“ಆ ಪಟ್ಟಿ ನಾನು ಮಾಡಿದ್ದು, ನಾನೇ ತೆಗೆದಿದ್ದೇನೆ. ಅದು ತಪ್ಪು. ಹೇಗೆ ತಪ್ಪಾಯ್ತು ಅಂತ ಹೇಳ್ತೇನೆ, ಅದಕ್ಕೆ ಮೊದಲು ನೀವು ಒಂದು ಉತ್ತರ ಕೊಡಬೇಕು. ಮೊದಲ ಮಗುವನ್ನು ತವರಿನಲ್ಲಿ ಹೆತ್ತವರು ಕೈ ಎತ್ತಿ.”

ಸಭೆಯಲ್ಲಿ ಗುಸುಗುಸು. ನಾನು ಮಗಳನ್ನು ಎಡಗೈಗೆ ದಾಟಿಸಿ ಬಲಗೈ ಎತ್ತಿದೆ. ಪುಷ್ಪಕ್ಕ ಎತ್ತಿದರು. ಹಿಂತಿರುಗಿ ನೋಡಿದರೆ ಕೈಗಳೇ ಕೈಗಳು. ಬಾಗಿಲ ಬಳಿ ಚಹಾ ಕೊಡಲು ನಿಂತಿದ್ದ ಹೆಂಗಸೂ ಹಂಡೆಯ ಸವಟು ಹಿಡಿದ ಕೈಯನ್ನೇ ಮೇಲೆತ್ತಿದ್ದರು.

“ಆ ಮಗುವಿನ ಮೊದಲ ಮೂರು ಸೂಜಿಯನ್ನೂ ತವರಿನಲ್ಲೇ ಹಾಕಿಸಿದವರು ಕೈ ಹಾಗೇ ಇಡಿ.”

ಕೈಗಳು ಹೆಚ್ಚೇನೂ ಇಳಿಯಲಿಲ್ಲ.

“ನನ್ನ ಪಟ್ಟಿಯ ಪ್ರಕಾರ ನಿಮ್ಮ ಮಕ್ಕಳಿಗೆಲ್ಲ ಸೂಜಿ ಆಗಲಿಲ್ಲ,” ಎಂದಳು ರೆಶ್ಮಾ. “ಹೊರಗಿನವರು ಅಂತ ಬರೆದದ್ದನ್ನೆಲ್ಲ ನಾನು ತೆಗೆದುಹಾಕಿದೆ. ತವರಿಗೆ ಹೋದ ಹೆಣ್ಣು ಹೊರಗಿನವಳು ಅಂತ ಬರೆದಿದ್ದರು, ಅದನ್ನು ನಾನು ನಂಬಿದೆ. ಬಸುರಿಯ ಹೆಸರನ್ನು ಯಾರು ಎಲ್ಲರಿಗಿಂತ ಬೇಗ ಬರೆದುಕೊಂಡರೋ ಅವರು ಕೊನೆಗೆ ಬಂದರು.”

“ರೆಶ್ಮಾ, ಕೂತುಕೋ. ಇದು ಸಭೆ, ನಿಮ್ಮ ಮನೆಯ ಜಗಲಿಯಲ್ಲ,” ಎಂದರು ಉದಯಶಂಕರ.

ನಾನು ಎದ್ದೆ. ಇಷ್ಟು ಜನರ ಎದುರು ನಾನು ಹಿಂದೆಂದೂ ಬಾಯಿ ತೆರೆದವಳಲ್ಲ. ಡೈರಿಯಿಂದ ಮಾರ್ಚ್ ಏಳು, ಏಪ್ರಿಲ್ ನಾಲ್ಕು, ಮೇ ಎರಡು ಓದಿದೆ. ಹಲಸಿನ ಹಪ್ಪಳವನ್ನೂ ಬಿಡಲಿಲ್ಲ. ಉಪ್ಪಳ ಕಡೆಯ ಸಾಲಿನಲ್ಲಿ ಯಾರೋ, “ಹೌದು, ಆ ಹಪ್ಪಳ ನಾನೂ ತಿಂದಿದ್ದೇನೆ,” ಎಂದರು. ಎಲ್ಲರೂ ನಕ್ಕರು.

ನಗು ನಿಲ್ಲುವ ಮೊದಲೇ ಅದೇ ಸಾಲಿನ ಒಬ್ಬ ಹಿರಿಯ ಹೆಂಗಸು ಕೇಳಿದರು. “ಸರ್, ಕೇಳಿದೆ ಅಂತ ಬೇಸರ ಮಾಡಬೇಡಿ. ನಿಮ್ಮ ಹೆಂಡತಿ ಮೊದಲ ಮಗುವನ್ನು ಹೆತ್ತದ್ದು ಎಲ್ಲಿ?”

ಉದಯಶಂಕರ ಅವರು ಕನ್ನಡಕ ತೆಗೆದು ಒರೆಸಿದರು. “ಪುತ್ತೂರು,” ಎಂದರು ಕೊನೆಗೆ. “ಅವಳ ತಾಯಿಯ ಮನೆಯಲ್ಲಿ.”

ಆ ದಿನ ಯಾರ ಹೆಸರನ್ನೂ ಕೊನೆಯದೆಂದು ಓದಲಿಲ್ಲ. ಶಾಲು ಪೊಟ್ಟಣದಲ್ಲೇ ಹಿಂದಕ್ಕೆ ಹೋಯಿತು. ವಾರದ ನಂತರ ಹಳೆಯ ಪಟ್ಟಿ ರದ್ದಾಗಿದೆ, ಪುಷ್ಪಾವತಿ ಅವರ ಕೆಲಸ ಹಿಂದಿನಂತೆಯೇ ಮುಂದುವರಿಯುತ್ತದೆ ಎಂಬ ಎರಡು ಸಾಲಿನ ಪತ್ರ ಬಂತು. ತಪ್ಪು ಯಾರದ್ದೆಂದು ಅದರಲ್ಲಿ ಇರಲಿಲ್ಲ.

ರೆಶ್ಮಾಳಿಂದ ಸಂಸ್ಥೆ ಒಂದು ಕ್ಷಮಾಪಣೆಯ ಪತ್ರ ಕೇಳಿತು, ಸಭೆಯಲ್ಲಿ ಶಿಸ್ತು ಮೀರಿದ್ದಕ್ಕೆ. ಅವಳು ಬರೆದಳು. ಅದು ಪುಷ್ಪಕ್ಕನ ಹೆಸರಿಗಿತ್ತು. ಯಾವ ಆಜ್ಞೆ ಬರೆದೆ, ಯಾಕೆ ಬರೆದೆ, ಅದರಿಂದ ಅರುನೂರ ಹನ್ನೆರಡು ಮಕ್ಕಳು ಹೇಗೆ ಇಲ್ಲವಾದರು, ಕೇಳಬೇಕಾದ ಯಾವ ಪ್ರಶ್ನೆಯನ್ನು ಯಾರಲ್ಲೂ ಕೇಳಲಿಲ್ಲ, ಎಲ್ಲವನ್ನೂ ಕನ್ನಡದಲ್ಲಿ ಒಂದೂವರೆ ಪುಟ. ಒಂದು ಪ್ರತಿಯನ್ನು ಸಂಸ್ಥೆಗೂ ಕಳಿಸಿದಳು. ಜನವರಿಯಲ್ಲಿ ಅವಳ ಕರಾರು ಮುಗಿದಾಗ ಅವರು ಮುಂದುವರಿಸಲಿಲ್ಲ. ಊರಿನ ಮಾತು ಹಿಡಿದುಕೊಂಡದ್ದು ಈ ತುಂಡನ್ನು ಮಾತ್ರ.

ಎರಡು ತಿಂಗಳು ಅವಳು ಅಪ್ಪನ ಅಂಗಡಿಯಲ್ಲಿ ಗುಂಡಿ ಹೊಲಿದಳು. ಆ ದಿನಗಳಲ್ಲಿ ಅವಳು ಅತ್ತದ್ದನ್ನೂ ನಾನು ಕಂಡಿದ್ದೇನೆ, ಅದನ್ನು ಮುಚ್ಚಿಡುವುದಿಲ್ಲ. ಮಾರ್ಚಿನಲ್ಲಿ ಬೇರೊಂದು ಕಡೆ ಕೆಲಸ ಸಿಕ್ಕಿತು, ಅಲ್ಲಿಯೂ ಮಕ್ಕಳ ಆರೋಗ್ಯದ್ದೇ ಲೆಕ್ಕ. ಸಂದರ್ಶನದಲ್ಲಿ ನಿಮ್ಮ ದೊಡ್ಡ ಸಾಧನೆ ಯಾವುದು ಎಂದು ಕೇಳಿದರಂತೆ. ಅವಳು ಆ ಪತ್ರವನ್ನು ತೆಗೆದು ಅವರ ಕೈಗೆ ಕೊಟ್ಟಳಂತೆ. ಈಗ ಮತ್ತೆ ಅದೇ ಕಲ್ಲು, ಅದೇ ಬೈರಾಸು. ಹೊಸದೆಂದರೆ ಒಂದೇ. ಯಾವ ಸಾಲನ್ನು ಅಳಿಸುವ ಮೊದಲೂ ಅವಳು ಬೇಲಿಯ ಬಳಿ ಬಂದು ಯಾರಲ್ಲಾದರೂ ಒಂದು ಮಾತು ಕೇಳುತ್ತಾಳೆ. ಅತ್ತೆ ಸಿಕ್ಕರೆ ಅರ್ಧ ಗಂಟೆ ಹೋಗುತ್ತದೆ.

ಪುಷ್ಪಕ್ಕ ತಮ್ಮ ಉದ್ದ ಪುಸ್ತಕದಲ್ಲಿ ಸ್ಕೇಲಿಟ್ಟು ಕೆಂಪು ಪೆನ್ನಿನಿಂದ ಇನ್ನೊಂದು ಗೆರೆ ಎಳೆದಿದ್ದಾರೆ. ಮೇಲೆ ‘ತವರು’ ಎಂದು ಬರೆದು, ಕೆಳಗೆ ಊರುಗಳ ಹೆಸರು. ರೆಶ್ಮಾಳ ಪತ್ರ ಅದೇ ಪುಸ್ತಕದ ಹಿಂದಿನ ರಟ್ಟಿಗೆ ಅಂಟಿದೆ. ಮೊನ್ನೆ ಬಂದವರು ಜಗಲಿಯಲ್ಲಿ ಕೂತು, ಮಗಳನ್ನು ಮಡಿಲಿಗೆ ಎಳೆದುಕೊಂಡು, ನನ್ನ ಕಡೆ ತಿರುಗಿದರು.

“ಒಂದೂವರೆ ವರ್ಷದ ಸೂಜಿ ಈ ಬುಧವಾರ. ಗೊತ್ತುಂಟಲ್ಲ?”

“ಡೈರಿಯಲ್ಲಿ ಬರೆದಿಟ್ಟಿದ್ದೇನೆ ಪುಷ್ಪಕ್ಕ.”

“ಬರೆದರೆ ಸಾಲದು, ಕರಕೊಂಡು ಬಾ. ಬರದಿದ್ರೆ ನಾನೇ ಬೇಲಿಯ ಆಚೆ ಹೋಗಿ ಕೆಂಪು ಗುರುತು ಹಾಕಿಸ್ತೇನೆ.”

ಬೇಲಿಯ ಆಚೆಯಿಂದ ರೆಶ್ಮಾ ತಲೆ ಎತ್ತದೆ ಹೇಳಿದಳು. “ಕಾರ್ಡ್ ನೋಡದೆ ನಾನು ಹಾಕುದಿಲ್ಲ.”